ಮಂಜಿನಲ್ಲಿ ನಿಂತಿದ್ದ ಎಂಜಿನಿಯರ್

ನಮ್ಮ ಹಾಸ್ಟೆಲ್ ಬಾತ್‌ರೂಮಿನ ತಾರಸಿ ಮೂಲೆಯಲ್ಲಿ ಬೂಷ್ಟಿನ ಒಂದು ಕಪ್ಪು ನಕ್ಷೆ ಇದೆ. ಪ್ರತಿ ವರ್ಷ ರಜೆಯಲ್ಲಿ ಅದರ ಮೇಲೆ ಬಣ್ಣ ಬಳಿಯುತ್ತಾರೆ, ದಸರಾ ಹೊತ್ತಿಗೆ ಅದು ಮತ್ತೆ ಹಾಜರ್. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ದೂ ಆಯ್ತು. ನಮ್ಮಲ್ಲೊಬ್ಬನಿಗೆ ಅಸ್ತಮಾ ಇದೆ. ಮಳೆಗಾಲ ಬಂತೆಂದರೆ ಅವನ ಇನ್‌ಹೇಲರ್ ಟ್ರಂಕಿನಿಂದ ಜೇಬಿಗೆ ಬರುತ್ತೆ. ಹೀಗಿರುವಾಗ ಒಂದು ದಿನ ಸೈಕ್ರೋಮೆಟ್ರಿಕ್ ಚಾರ್ಟ್ ಮುಂದಿಟ್ಟುಕೊಂಡು ಒದ್ದಾಡ್ತಾ, ಈ ತಲೆನೋವಿಗೆ ಅಡಿಪಾಯ ಹಾಕಿದ ಪುಣ್ಯಾತ್ಮ ಯಾರಪ್ಪಾ ಅಂತ ಹುಡುಕಿದೆವು. ಸಿಕ್ಕವರು ವಿಲ್ಲಿಸ್ ಕ್ಯಾರಿಯರ್. ಹೌದು, ಎಸಿ ಡಬ್ಬದ ಮೇಲಿರುವ ಅದೇ ಹೆಸರು.

ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನಲ್ಲಿ. ರೈತರ ಮನೆ. ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಅಮ್ಮ ಸೇಬು ತರಿಸಿ ಅರ್ಧ, ಕಾಲು, ಅರೆಕಾಲು ಎಂದು ಕೊಯ್ದು ಕೊಯ್ದು ಕಲಿಸಿದರಂತೆ. ಆಮೇಲೆ ಕಾರ್ನೆಲ್‌ನಲ್ಲಿ ಓದಿ 1901ರಲ್ಲಿ ಎಂಜಿನಿಯರ್ ಆಗಿ ಹೊರಬಂದರು. ಬಫಲೋ ಫೋರ್ಜ್ ಎಂಬ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ಸಂಬಳ. ಪ್ಲೇಸ್‌ಮೆಂಟ್ ಪ್ಯಾಕೇಜ್ ಲೆಕ್ಕ ಹಾಕುವವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು.

ಕೆಲಸಕ್ಕೆ ಸೇರಿ ವರ್ಷ ಆಗುತ್ತಿದ್ದಂತೆ, 1902ರಲ್ಲಿ, ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯದ ಗೋಳು ಅವರ ಮೇಜಿಗೆ ಬಂತು. ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಬೇಕು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗುತ್ತೆ, ಒಣ ಹವೆಗೆ ಕುಗ್ಗುತ್ತೆ. ಹೀಗಾಗಿ ಕೆಂಪಿನ ಮೇಲೆ ಕೂರಬೇಕಾದ ಹಳದಿ ಪಕ್ಕಕ್ಕೆ ಸರಿದು ಚಿತ್ರವೆಲ್ಲ ಮಸುಕು. ಕಾಗದಕ್ಕೆ ಏನು ಲೇಪಿಸೋಣ, ಇಂಕಿಗೆ ಏನು ಬೆರೆಸೋಣ ಅಂತ ಕ್ಯಾರಿಯರ್ ಹೋಗಲಿಲ್ಲ. ಬಿಸಿ ಹಬೆ ಹರಿಸುವ ಕೊಳವೆಗಳಲ್ಲಿ ತಣ್ಣೀರು ಹರಿಸಿ, ಅವುಗಳ ಮೇಲೆ ಗಾಳಿ ಊದಿದರು. ತಣ್ಣಗಿನ ಕೊಳವೆಗೆ ತಾಗಿದ ಗಾಳಿ ತನ್ನ ನೀರನ್ನು ಅಲ್ಲೇ ಬಿಟ್ಟು ಮುಂದೆ ಹೋಯಿತು. ಕೋಣೆಯಲ್ಲಿ ವರ್ಷವಿಡೀ 55% ಆರ್ದ್ರತೆ ಇಡುವುದು ಗುರಿ. ಜನರಿಗೆ ತಂಪು ಮಾಡುವುದು ಇಲ್ಲಿ ಗುರಿಯೇ ಆಗಿರಲಿಲ್ಲ. ಎಸಿ ಹುಟ್ಟಿದ್ದು ಕಾಗದದ ಸುಖಕ್ಕೆ.

ನಮಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಕಥೆ. ಅವರ ಬದುಕಿನ ಬಗ್ಗೆ ಬರೆದವರೆಲ್ಲ ಇದನ್ನು ಹೇಳುತ್ತಾರೆ. ಪಿಟ್ಸ್‌ಬರ್ಗ್ ರೈಲು ನಿಲ್ದಾಣ, ದಟ್ಟ ಮಂಜು, ರೈಲಿಗೆ ಕಾಯುತ್ತಾ ನಿಂತ ಕ್ಯಾರಿಯರ್. ಮಂಜೆಂದರೆ ನೀರಿನಿಂದ ಪೂರ್ತಿ ತುಂಬಿದ ಗಾಳಿ. ಆದರೆ ಅಲ್ಲಿ ಚಳಿ ಇರುವುದರಿಂದ, ತುಂಬಿದ್ದರೂ ಅದರಲ್ಲಿರುವ ನೀರು ಕಮ್ಮಿಯೇ. ಹಾಗಾದರೆ ನಾವೇ ಬೇಕಾದ ಉಷ್ಣತೆಯಲ್ಲಿ ಮಂಜು ತಯಾರಿಸಿದರೆ? ಗಾಳಿಯಲ್ಲಿ ಎಷ್ಟು ನೀರು ಉಳೀಬೇಕು ಅನ್ನೋದು ನಮ್ಮ ಕೈಯಲ್ಲೇ ಇರುತ್ತಲ್ಲ! ಗಾಳಿಯನ್ನು ಒಣಗಿಸಲು ಅದರ ಮೇಲೆ ನೀರು ಚಿಮುಕಿಸುವುದು ಕೇಳಿದರೆ ಹುಚ್ಚು ಅನ್ಸುತ್ತೆ. ಆದರೆ ನೀರು ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದರೆ ಗಾಳಿ ಒಣಗಲೇಬೇಕು. 1906ರ ಜನವರಿ 2ರಂದು ಅವರಿಗೆ ಇದರ ಪೇಟೆಂಟ್ ಸಿಕ್ಕಿತು. 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಅವರು ಮಂಡಿಸಿದ ಸೂತ್ರಗಳೇ ಇಂದಿಗೂ ನಮ್ಮ ಇಂಟರ್ನಲ್ಸ್ ಅಂಕ ತಿನ್ನುತ್ತಿರುವುದು.

ಈಗ ನಮ್ಮ ಬಾತ್‌ರೂಮಿಗೆ ಬರೋಣ. ಬಿಸಿನೀರಿನ ಸ್ನಾನವಾದ ಮೇಲೆ ಒಳಗಿನ ಗಾಳಿ 30 ಡಿಗ್ರಿ, ಪೂರ್ತಿ ತುಂಬಿದೆ ಅಂದುಕೊಳ್ಳಿ; ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತೆ. 20 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 17 ಗ್ರಾಂ ಮಾತ್ರ. ರಾತ್ರಿ ಗಾಳಿ ಆ ಮಟ್ಟಕ್ಕೆ ತಣ್ಣಗಾದರೆ ಉಳಿದ 13 ಗ್ರಾಂ ಗೋಡೆ, ತಾರಸಿಗಳ ಪಾಲು. ಏಳೂವರೆ ಘನ ಮೀಟರಿನ ಕೋಣೆಗೆ ಸುಮಾರು 100 ಗ್ರಾಂ, ಅಂದರೆ ಅರ್ಧ ಲೋಟ ನೀರು. ಒಬ್ಬನ ಸ್ನಾನಕ್ಕೆ ಇಷ್ಟು. ನಮ್ಮಲ್ಲಿ ಬೆಳಗ್ಗೆ ಹನ್ನೆರಡು ಜನ ಕ್ಯೂ. ಎರಡು ಹೊರಗೋಡೆ ಸೇರುವ ಮೂಲೆ ಎಲ್ಲಕ್ಕಿಂತ ತಣ್ಣಗಿರುತ್ತೆ, ಅದಕ್ಕೇ ನಕ್ಷೆ ಅಲ್ಲೇ ಶುರು. ಹನಿ ಕಾಣಿಸಲೇಬೇಕೆಂದೂ ಇಲ್ಲ. ಗೋಡೆಗೆ ಅಂಟಿದ ಗಾಳಿಯ ಆರ್ದ್ರತೆ ದಿನಗಟ್ಟಲೆ 80% ಮೇಲಿದ್ದರೆ ಬೂಷ್ಟಿಗೆ ಸಾಕು.

ಅಂದರೆ ನಾವು ಇಷ್ಟು ವರ್ಷ ಕಾಗದಕ್ಕೆ ಲೇಪ ಹಚ್ಚುತ್ತಾ ಕೂತಿದ್ದೆವು. ಮಾಡಬೇಕಾದ್ದು ಗಾಳಿಗೆ. ಎಕ್ಸಾಸ್ಟ್ ಫ್ಯಾನ್ ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಬೇಕು, ಬಾಗಿಲ ಕೆಳಗೆ ಒಣ ಗಾಳಿ ಒಳಬರಲು ಸಂದು ಬೇಕು. ಸಂದೇ ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತೆ. ಗೋಡೆಯ ನೀರನ್ನು ರಬ್ಬರ್ ವೈಪರಿನಿಂದ ಎಳೆದುಬಿಟ್ಟರೆ ಅಷ್ಟು ನೀರು ಆವಿಯಾಗುವುದೇ ತಪ್ಪಿತು. ಕರಾವಳಿಯ ಗೆಳೆಯರು ನಗಬಹುದು, ಆಷಾಢದಲ್ಲಿ ಹೊರಗಿನ ಗಾಳಿಯೇ ಒದ್ದೆ ಅಂತ. ನಿಜ, ಅಲ್ಲಿ ಫ್ಯಾನಿಗಿಂತ ವೈಪರ್ ಮೇಲೆ ಹೆಚ್ಚು ಭಾರ. ಇನ್ನು ಪೈಪ್ ಸೋರುತ್ತಿದ್ದರೆ ಕ್ಯಾರಿಯರ್ ಏನೂ ಮಾಡಲಾರರು, ಪ್ಲಂಬರ್ ಬೇಕು.

ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ಈ ಗಾಳಿ ಹದ ಮಾಡುವ ಕೆಲಸ ಸಾಕೆಂದಿತು. 1915ರಲ್ಲಿ ಕ್ಯಾರಿಯರ್ ಆರು ಜನ ಎಂಜಿನಿಯರುಗಳ ಜೊತೆ ಸ್ವಂತ ಕಂಪನಿ ತೆರೆದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಅವರ ಯಂತ್ರ ಬಂತು. ಬೇಸಿಗೆಯಲ್ಲಿ ಜನ ಸಿನಿಮಾಕ್ಕಿಂತ ತಂಪಿಗೆಂದೇ ಟಿಕೆಟ್ ಕೊಳ್ಳುವ ಕಾಲ ಶುರುವಾಯಿತು. 1950ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು.

ನಾವು ಕಳೆದ ವಾರ ಚಂದಾ ಎತ್ತಿ ಎರಡು ವೈಪರ್ ತಂದಿದ್ದೇವೆ. ಫ್ಯಾನಿಗೆ ಅರ್ಜಿ ಕೊಟ್ಟಾಗಿದೆ, ಜೊತೆಗೆ ಅರ್ಧ ಲೋಟದ ಲೆಕ್ಕವನ್ನೂ ಪಿನ್ ಮಾಡಿದ್ದೇವೆ.