ಜಾನ್ ಹಂಟರ್ (ಶಸ್ತ್ರವೈದ್ಯ)

ಜಾನ್ ಹಂಟರ್ (13 ಫೆಬ್ರವರಿ 1728 – 16 ಅಕ್ಟೋಬರ್ 1793) ಸ್ಕಾಟ್ಲೆಂಡಿನಲ್ಲಿ ಜನಿಸಿ ಲಂಡನ್ನಿನಲ್ಲಿ ಹೆಸರಾದ ಶಸ್ತ್ರವೈದ್ಯರು. 1748ರಲ್ಲಿ ಅಣ್ಣ ವಿಲಿಯಂ ಅವರ ಅಂಗರಚನಾಶಾಸ್ತ್ರದ ಶಾಲೆ ಸೇರಿದ ಇವರು 1768ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಶಸ್ತ್ರವೈದ್ಯರಾದರು. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಇವರ ಶಿಷ್ಯರು.

ನುಂಗುವ ಸ್ನಾಯುಗಳು ಪಾರ್ಶ್ವವಾಯುವಿಗೆ ತುತ್ತಾಗಿದ್ದ ರೋಗಿಯೊಬ್ಬರಿಗೆ 1790ರಲ್ಲಿ ಇವರು ನೀಡಿದ ಚಿಕಿತ್ಸೆ ಅಷ್ಟಾಗಿ ಪ್ರಚಾರ ಪಡೆದಿಲ್ಲ. ತಿಮಿಂಗಿಲದ ಬಾಯಿಯಲ್ಲಿನ ಬಾಗುವ ಪಟ್ಟಿಯಿಂದ ಮಾಡಿದ ಕಡ್ಡಿಗೆ ಹಾವುಮೀನಿನ ಚರ್ಮ ಹೊದಿಸಿದ ನಳಿಕೆ, ಅದಕ್ಕೆ ಕಟ್ಟಿದ ಪ್ರಾಣಿಯ ಮೂತ್ರಕೋಶದ ಚೀಲ: ಇಷ್ಟೇ ಸಾಧನ. ಕದಡಿದ ಮೊಟ್ಟೆ, ಸಕ್ಕರೆ, ಹಾಲು, ವೈನ್ ಮೊದಲಾದವನ್ನು ಅದರ ಮೂಲಕ ಜಠರಕ್ಕೆ ಸೇರಿಸಲಾಯಿತು. ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ ಜೀವ ಉಳಿಸುವುದಷ್ಟೇ ಉದ್ದೇಶವಾಗಿತ್ತು. ರೋಗಿ ಮತ್ತೆ ನುಂಗುವಂತಾದರು.

ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನಲ್ಲಿದೆ ಎಂಬುದು ಆ ಕಾಲಕ್ಕೆ ತಿಳಿದಿರಲಿಲ್ಲ. ಆಹಾರವಿಲ್ಲದ ಕರುಳಿನ ಒಳಪದರ ಸವೆದು ಸೋಂಕಿಗೆ ಎಡೆಯಾಗಬಹುದೆಂಬ ಕಾರಣಕ್ಕೆ ಇಂದು ತೀವ್ರ ನಿಗಾ ಘಟಕಗಳಲ್ಲಿ ಸಾಮಾನ್ಯವಾಗಿ 24ರಿಂದ 48 ಗಂಟೆಗಳೊಳಗೆ ನಳಿಕೆಯ ಆಹಾರ ಆರಂಭಿಸುತ್ತಾರೆ. ಕರ್ನಾಟಕದ ಆಸ್ಪತ್ರೆಗಳಲ್ಲಿ ಇದರ ನಳಿಕೆ ರೈಲ್ಸ್ ಟ್ಯೂಬ್ ಎಂದೇ ಪರಿಚಿತ. ಆದರೆ ರಕ್ತದೊತ್ತಡ ಕುಸಿದಿರುವಾಗ ಅವಸರ ಸಲ್ಲದು. ರಕ್ತ ಸಾಲದ ಕರುಳಿಗೆ ಆಹಾರವೇ ಹಾನಿಯಾದೀತು.

ಹೃದಯಶೂಲೆಯಿಂದ ಬಳಲುತ್ತಿದ್ದ ಹಂಟರ್ ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಾಗ್ವಾದದ ನಡುವೆ ಕುಸಿದು ನಿಧನರಾದರು. ನಳಿಕೆ ಚಿಕಿತ್ಸೆಯ ವರದಿ ಅದೇ ವರ್ಷ ಪ್ರಕಟವಾಯಿತು.