ಊರಿಗೆ ನದಿ ತಂದ ಮಲ್‌ಹಾಲೆಂಡ್

ನದಿಯಿಂದಲೋ ಕೆರೆಯಿಂದಲೋ ತೆಗೆದ, ಇನ್ನೂ ಶುದ್ಧೀಕರಿಸದ ನೀರಿಗೆ ಕಚ್ಚಾ ನೀರು ಎನ್ನುತ್ತಾರೆ. ಅದನ್ನು ದೂರದಿಂದ ನಗರಕ್ಕೆ ತರುವ ಮಾರ್ಗವನ್ನು ಯೋಜಿಸುವುದು ಎಂಜಿನಿಯರರ ಕಷ್ಟದ ಕೆಲಸಗಳಲ್ಲಿ ಒಂದು. ಈ ಕೆಲಸದಿಂದ ಜಗತ್ತಿಗೇ ಹೆಸರಾದವರು ಅಮೆರಿಕದ ಲಾಸ್ ಏಂಜಲೀಸ್ ನಗರದ ವಿಲಿಯಂ ಮಲ್‌ಹಾಲೆಂಡ್. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಬಹಳ ಇದೆ. ಎಚ್ಚರ ವಹಿಸಬೇಕಾದದ್ದೂ ಇದೆ.

ಮಲ್‌ಹಾಲೆಂಡ್ 1855ರ ಸೆಪ್ಟೆಂಬರ್ 11ರಂದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಬೆಳೆದರು. ಹದಿನೈದರ ಆಸುಪಾಸಿನಲ್ಲೇ ಮನೆ ಬಿಟ್ಟು ಹಡಗಿನ ಕೆಲಸಕ್ಕೆ ಸೇರಿದರು. ಆಮೇಲೆ ಅಮೆರಿಕಕ್ಕೆ ಬಂದು, ಸಿಕ್ಕ ಕೂಲಿ ಮಾಡುತ್ತ 1877ರಲ್ಲಿ ಲಾಸ್ ಏಂಜಲೀಸ್ ತಲುಪಿದರು. ಆಗ ಅದು ಸುಮಾರು 10 ಸಾವಿರ ಜನರ ಊರು. ಮರುವರ್ಷ ಅಲ್ಲಿನ ನೀರಿನ ಕಂಪನಿಯಲ್ಲಿ ಕಾಲುವೆ ನೋಡಿಕೊಳ್ಳುವ, ಕಳೆ ತೆಗೆಯುವ ಕೆಲಸ ಸಿಕ್ಕಿತು. ಹಗಲು ಗುದ್ದಲಿ ಹಿಡಿಯುತ್ತಿದ್ದ ಅವರು ರಾತ್ರಿ ಗಣಿತ, ಭೂವಿಜ್ಞಾನ ಮತ್ತು ನೀರಿನ ಹರಿವಿನ ಶಾಸ್ತ್ರದ ಪುಸ್ತಕಗಳನ್ನು ಓದುತ್ತಿದ್ದರು. 1886ರಲ್ಲಿ ಅದೇ ಕಂಪನಿಯ ಸೂಪರಿಂಟೆಂಡೆಂಟ್ ಆದರು. 1902ರಲ್ಲಿ ನಗರಾಡಳಿತ ಕಂಪನಿಯನ್ನು ಕೊಂಡುಕೊಂಡಿತು. ಯಾವ ಬೀದಿಯ ಕೆಳಗೆ ಎಂಥ ಕೊಳವೆ ಇದೆ ಎಂಬುದು ಅವರಿಗೆ ಬಾಯಿಪಾಠವಾಗಿದ್ದರಿಂದ ನಗರ ಅವರನ್ನೇ ಮುಂದುವರಿಸಿತು.

ಆದರೆ ಊರು ಬೆಳೆಯುತ್ತಿತ್ತು. 1900ರಲ್ಲಿ ಒಂದು ಲಕ್ಷ ದಾಟಿದ್ದ ಜನಸಂಖ್ಯೆ 1910ರ ಹೊತ್ತಿಗೆ ಮೂರು ಲಕ್ಷ ಮೀರಿತು. ಲಾಸ್ ಏಂಜಲೀಸ್ ನದಿಯ ನೀರು ಇಷ್ಟು ಜನಕ್ಕೆ ಸಾಲುವಂತಿರಲಿಲ್ಲ. 1904ರಲ್ಲಿ ಹಿಂದಿನ ಮೇಯರ್ ಫ್ರೆಡ್ ಈಟನ್ ಅವರನ್ನು ಕುದುರೆ ಗಾಡಿಯಲ್ಲಿ ಕೂರಿಸಿಕೊಂಡು ಉತ್ತರಕ್ಕೆ, ಓವೆನ್ಸ್ ಕಣಿವೆಗೆ ಕರೆದೊಯ್ದರು. ಸಿಯೆರಾ ನೆವಾಡ ಪರ್ವತಗಳ ಹಿಮ ಕರಗಿ ಅಲ್ಲಿ ನದಿಯಾಗಿ ಹರಿಯುತ್ತಿತ್ತು.

ನದಿ ನಗರಕ್ಕಿಂತ ಬಹಳ ಎತ್ತರದಲ್ಲಿತ್ತು. ಆದ್ದರಿಂದ ಒಂದೇ ಒಂದು ಪಂಪ್ ಇಲ್ಲದೆ, ಇಳಿಜಾರಿನಲ್ಲೇ ನೀರನ್ನು ತರಬಹುದೆಂದು ಮಲ್‌ಹಾಲೆಂಡ್ ಲೆಕ್ಕ ಹಾಕಿದರು. ದೂರ 233 ಮೈಲಿ, ಅಂದರೆ ಸುಮಾರು 375 ಕಿಲೋಮೀಟರ್. ಇಳಿಜಾರು ಹೆಚ್ಚಾದರೆ ನೀರು ಕಾಲುವೆಯನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಹಾಗಾಗಿ ನೆಲಕ್ಕೆ ತಕ್ಕಂತೆ ಕೆಲವೆಡೆ ತೆರೆದ ಕಾಲುವೆ, ಮರುಭೂಮಿಯಲ್ಲಿ ಕಾಂಕ್ರೀಟ್ ಮುಚ್ಚಿಗೆಯ ಕಾಲುವೆ, ಬೆಟ್ಟಗಳಲ್ಲಿ ನೂರಕ್ಕೂ ಹೆಚ್ಚು ಸುರಂಗಗಳನ್ನು ಯೋಜಿಸಿದರು. ಆಳವಾದ ಕಮರಿ ಎದುರಾದಲ್ಲಿ ಉಕ್ಕಿನ ಕೊಳವೆ ಹಾಕಿದರು. ಒಂದು ಬದಿಯಿಂದ ಇಳಿದ ನೀರು ತನ್ನದೇ ಒತ್ತಡದಿಂದ ಇನ್ನೊಂದು ಬದಿಗೆ ಏರುತ್ತದೆ. ಜಾಬೋನ್ ಕಮರಿಯಲ್ಲಿ ಹೀಗೆ ನೀರು ಸುಮಾರು 850 ಅಡಿ ಇಳಿದು ಮತ್ತೆ ಏರಬೇಕಿತ್ತು. ಅಲ್ಲಿಗೆ ಬೇಕಾದ ಭಾರೀ ಕೊಳವೆಗಳನ್ನು 52 ಹೇಸರಗತ್ತೆಗಳ ಸಾಲು ಎಳೆದು ತಂದಿತು.

1907ರಲ್ಲಿ ನಗರದ ಜನ ಮತ ಹಾಕಿ 2 ಕೋಟಿ 30 ಲಕ್ಷ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟರು. 1908ರಲ್ಲಿ ಕೆಲಸ ಶುರುವಾಯಿತು. 1913ರ ನವೆಂಬರ್ 5ರಂದು ಸಾವಿರಾರು ಜನರ ಎದುರು ನೀರು ಧುಮ್ಮಿಕ್ಕಿತು. ಆಗ ಈ ನೀರಿಗೆ ಇಂದಿನಂಥ ಶೋಧಕ ಘಟಕ ಇರಲಿಲ್ಲ. 1986ರಲ್ಲಿ ಸಿಲ್ಮಾರ್‌ನಲ್ಲಿ ದೊಡ್ಡ ಶುದ್ಧೀಕರಣ ಘಟಕ ಬಂತು. ಮಲ್‌ಹಾಲೆಂಡರ ಮಾರ್ಗ ಇಂದಿಗೂ ಅಲ್ಲಿಗೆ ಕಚ್ಚಾ ನೀರು ತರುತ್ತಿದೆ.

ಇದು ಕಥೆಯ ಒಂದು ಮುಖ ಮಾತ್ರ. ಓವೆನ್ಸ್ ಕಣಿವೆಯಲ್ಲಿ ರೈತರಿದ್ದರು. ಅವರಿಗಿಂತ ಮೊದಲೇ ಅಲ್ಲಿ ಕಾಲುವೆ ತೋಡಿ ಬದುಕುತ್ತಿದ್ದ ಪಾಯೂಟ್ ಮೂಲನಿವಾಸಿಗಳಿದ್ದರು. ಹೊಲದ ಜೊತೆಗೆ ನೀರಿನ ಹಕ್ಕನ್ನೂ ಕೊಳ್ಳಲಾಯಿತು. ಮೊದಲು ಮಾರಿದ ಹಲವರಿಗೆ ಆ ನೀರು ನಗರಕ್ಕೆ ಹೋಗುತ್ತದೆಂದು ತಿಳಿದಿರಲಿಲ್ಲ. 1920ರ ದಶಕದಲ್ಲಿ ಓವೆನ್ಸ್ ಸರೋವರ ಬತ್ತಿ, ಅದರ ತಳದಿಂದ ಉಪ್ಪಿನ ಧೂಳು ಏಳತೊಡಗಿತು. 1924ರ ಮೇ ತಿಂಗಳಲ್ಲಿ ಸಿಟ್ಟಿಗೆದ್ದವರು ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ನವೆಂಬರಿನಲ್ಲಿ ಕಣಿವೆಯ ಜನ ಕಾಲುವೆಯ ಗೇಟುಗಳನ್ನು ವಶಪಡಿಸಿಕೊಂಡು, ನಾಲ್ಕು ದಿನ ನೀರನ್ನು ಹಳೆಯ ನದಿಪಾತ್ರಕ್ಕೇ ಹರಿಸಿದರು.

ಮಾರ್ಗ ತುಂಡಾದರೂ ನಗರಕ್ಕೆ ನೀರಿರಲಿ ಎಂದು ಮಲ್‌ಹಾಲೆಂಡ್ ನಗರದ ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಕಟ್ಟಿಸಿದರು. ಕಟ್ಟುತ್ತಿರುವಾಗಲೇ ಅದರ ಎತ್ತರವನ್ನು ಎರಡು ಸಲ ಹತ್ತತ್ತು ಅಡಿ ಏರಿಸಿದರು, ಆದರೆ ಬುಡವನ್ನು ಅದಕ್ಕೆ ತಕ್ಕಂತೆ ಅಗಲಿಸಲಿಲ್ಲ. ಹೊರಗಿನ ತಜ್ಞರು ಯಾರೂ ಆ ವಿನ್ಯಾಸವನ್ನು ಪರಿಶೀಲಿಸಿರಲಿಲ್ಲ. ಅವರ ಹೆಸರೇ ಸಾಕು ಎಂದು ಎಲ್ಲರೂ ನಂಬಿದ್ದರು. 1928ರ ಮಾರ್ಚ್ 12ರಂದು ಹೊಸ ಸೋರಿಕೆ ಕಂಡು ಕಾವಲುಗಾರ ಕರೆಸಿದಾಗ, ಅವರು ಬಂದು ನೋಡಿ, ಅಪಾಯವಿಲ್ಲವೆಂದು ಹೇಳಿ ಹೋದರು. ಅಂದು ಮಧ್ಯರಾತ್ರಿಗೆ ಸ್ವಲ್ಪ ಮೊದಲು ಅಣೆಕಟ್ಟು ಒಡೆಯಿತು. 400ಕ್ಕೂ ಹೆಚ್ಚು ಜನ ಸತ್ತರು.

ವಿಚಾರಣೆಯಲ್ಲಿ ಮಲ್‌ಹಾಲೆಂಡ್ ತಮ್ಮ ಕೈಕೆಳಗಿನವರ ಮೇಲೆ ತಪ್ಪು ಹೊರಿಸಲಿಲ್ಲ. ಹೊಣೆ ತಮ್ಮದೇ ಎಂದು ಒಪ್ಪಿಕೊಂಡರು. ತೀರ್ಪುಗಾರರು ಅವರಿಗೆ ಶಿಕ್ಷೆ ಬೇಡವೆಂದರು. ಆದರೆ ಇಂಥ ದೊಡ್ಡ ಕಟ್ಟಡದ ನಿರ್ಧಾರವನ್ನು, ಎಷ್ಟೇ ಹೆಸರಾಂತನಾದರೂ, ಒಬ್ಬನೇ ವ್ಯಕ್ತಿಗೆ ಬಿಡಬಾರದೆಂದು ತಿಳಿಸಿದರು. ಅಣೆಕಟ್ಟುಗಳ ಸುರಕ್ಷತೆಯ ಮೇಲ್ವಿಚಾರಣೆಗೆ ಕ್ಯಾಲಿಫೋರ್ನಿಯ 1929ರಲ್ಲಿ ಕಾನೂನು ಮಾಡಿತು. ಮಲ್‌ಹಾಲೆಂಡ್ ಕೆಲಸದಿಂದ ನಿವೃತ್ತರಾಗಿ, ಹೆಚ್ಚು ಜನರೊಡನೆ ಬೆರೆಯದೆ ಉಳಿದ ವರ್ಷಗಳನ್ನು ಕಳೆದರು. 1935ರ ಜುಲೈ 22ರಂದು ತೀರಿಕೊಂಡರು. ದೀರ್ಘ ಕಾನೂನು ಹೋರಾಟದ ನಂತರ 2006ರಲ್ಲಿ ನಗರ ಓವೆನ್ಸ್ ನದಿಯ ಕೆಳಭಾಗಕ್ಕೆ ಸ್ವಲ್ಪ ನೀರನ್ನು ಮರಳಿ ಬಿಡಲು ಆರಂಭಿಸಿತು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ಎಂಜಿನಿಯರರಾಗುವವರು. ಗುದ್ದಲಿ ಹಿಡಿದ ಕೈಯಲ್ಲೇ ಪುಸ್ತಕ ಹಿಡಿದು ಮೇಲೆ ಬಂದ ಮಲ್‌ಹಾಲೆಂಡರ ಛಲ ನಮಗಿರಲಿ. ನೀರು ಎಷ್ಟು ಬೇಕು, ಎಷ್ಟು ಎತ್ತರದಿಂದ ಬರುತ್ತದೆ ಎಂಬ ಲೆಕ್ಕದ ಜೊತೆಗೆ, ಅದು ಯಾರ ಹೊಲದಿಂದ ಬರುತ್ತದೆ ಎಂದೂ ಕೇಳೋಣ. ಲೆಕ್ಕ ಮುಗಿದ ಮೇಲೆ, ಎಷ್ಟೇ ಧೈರ್ಯವಿದ್ದರೂ, ಅದನ್ನು ಇನ್ನೊಬ್ಬರಿಗೆ ಕೊಟ್ಟು ಪರೀಕ್ಷಿಸಲು ಹೇಳೋಣ.