ಸರ್ಕಾರದ ಕಾಗದಗಳಲ್ಲೇ ಸತ್ಯವನ್ನು ಹುಡುಕಿದ ಪತ್ರಕರ್ತ ಐ.ಎಫ್. ಸ್ಟೋನ್

ದೂರದೇಶದಲ್ಲಿ ನಡೆಯುವ ಯುದ್ಧವನ್ನು ನಾವಾರೂ ಕಣ್ಣಾರೆ ಕಾಣುವುದಿಲ್ಲ. ಮೊದಲು ಗುಂಡು ಹಾರಿಸಿದವರು ಯಾರು, ಸಂಧಾನ ಮುರಿದುಬಿದ್ದುದು ಯಾರಿಂದ ಎಂಬುದನ್ನು ಸರ್ಕಾರದ ವಕ್ತಾರರು ಹೇಳುತ್ತಾರೆ, ಪತ್ರಿಕೆಗಳು ಅಚ್ಚುಹಾಕುತ್ತವೆ, ನಾವು ಬೆಳಗಿನ ಕಾಫಿಯೊಂದಿಗೆ ಓದಿ ನಂಬುತ್ತೇವೆ. ಹಾಗೆ ನಂಬುವ ಮೊದಲು ಸರ್ಕಾರದ ದಾಖಲೆಯನ್ನು ಕೊನೆಯ ಪುಟದವರೆಗೂ ಓದಬೇಕೆಂಬುದನ್ನು ಬದುಕಿ ತೋರಿಸಿದವರು ಅಮೆರಿಕದ ಪತ್ರಕರ್ತ ಐ.ಎಫ್. ಸ್ಟೋನ್. ಅವರ ಜೀವನದ ಕಿರುಪರಿಚಯವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಸ್ಟೋನ್ ಜನಿಸಿದ್ದು 1907ರ ಡಿಸೆಂಬರ್ 24ರಂದು, ಫಿಲಡೆಲ್ಫಿಯಾ ನಗರದಲ್ಲಿ. ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾದ ಅವರ ಮೂಲ ಹೆಸರು ಇಸಿಡೋರ್ ಫೈನ್‌ಸ್ಟೀನ್. ತಂದೆ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದರು. ಹುಡುಗನಿಗೆ ವ್ಯಾಪಾರಕ್ಕಿಂತ ಅಚ್ಚಿನ ಮಸಿಯ ಮೇಲೆಯೇ ಮೋಹ. ಹದಿನಾಲ್ಕನೆಯ ವಯಸ್ಸಿಗೇ ಸ್ವಂತ ಪತ್ರಿಕೆಯೊಂದನ್ನು ಹೊರಡಿಸಿದರು. ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೇ ಬಿಟ್ಟು ವೃತ್ತಪತ್ರಿಕೆಗಳಲ್ಲಿ ದುಡಿದು ಹೆಸರು ಮಾಡಿದರು.

1952ರಲ್ಲಿ ಅವರು ಬರೆಯುತ್ತಿದ್ದ ಡೈಲಿ ಕಂಪಾಸ್ ಪತ್ರಿಕೆ ಮುಚ್ಚಿಹೋಯಿತು. ಸೆನೆಟರ್ ಮೆಕಾರ್ತಿಯ ಆರ್ಭಟದ ದಿನಗಳವು. ಎಡಪಂಥೀಯನೆಂದು ಗುರುತಿಸಲ್ಪಟ್ಟವನಿಗೆ ಕೆಲಸ ಕೊಡುವವರಿರಲಿಲ್ಲ. ಗುಪ್ತಚರರು ಅವರ ಪತ್ರವ್ಯವಹಾರದ ಮೇಲೂ ಕಣ್ಣಿಟ್ಟಿದ್ದರು. ಸ್ಟೋನ್ ಎದೆಗುಂದಲಿಲ್ಲ. 1953ರ ಜನವರಿಯಲ್ಲಿ ವಾಷಿಂಗ್ಟನ್ನಿನಿಂದ ತಮ್ಮದೇ ಹೆಸರಿನ ನಾಲ್ಕು ಪುಟಗಳ ವಾರಪತ್ರಿಕೆಯನ್ನು ಆರಂಭಿಸಿದರು. ವಾರ್ಷಿಕ ಚಂದಾ ಐದು ಡಾಲರ್. ಮೊದಲ ಚಂದಾದಾರರು ಸುಮಾರು 5,300 ಮಂದಿ. ವಿಜ್ಞಾನಿ ಐನ್‌ಸ್ಟೈನ್ ಅವರಲ್ಲೊಬ್ಬರು. ಲೆಕ್ಕಪತ್ರ, ಚಂದಾ ವ್ಯವಹಾರಗಳನ್ನೆಲ್ಲ ನೋಡಿಕೊಂಡವರು ಪತ್ನಿ ಎಸ್ತರ್.

ಸ್ಟೋನ್ ಅವರ ಕಿವಿ ಮಂದವಾಗಿತ್ತು. ಪತ್ರಿಕಾಗೋಷ್ಠಿಗಳಲ್ಲಿ ಅಧಿಕಾರಿಗಳ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದ್ದರಿಂದ ಸಂಸತ್ತಿನ ವಿಚಾರಣೆಗಳ ವರದಿ, ಇಲಾಖೆಗಳ ಪ್ರಕಟಣೆ, ಅನುಬಂಧ, ಅಂಕಿಪಟ್ಟಿಗಳನ್ನು ಅವರು ಸಾಲುಸಾಲಾಗಿ ಓದುತ್ತಿದ್ದರು. ಒಂದು ಇಲಾಖೆ ಮುಚ್ಚಿಟ್ಟದ್ದು ಇನ್ನೊಂದು ಇಲಾಖೆಯ ಕಡತದಲ್ಲಿ ಸಿಕ್ಕುತ್ತಿತ್ತು.

1957ರ ಸೆಪ್ಟೆಂಬರಿನಲ್ಲಿ ಅಮೆರಿಕ ನೆವಾಡಾ ಮರುಭೂಮಿಯಲ್ಲಿ ಭೂಗರ್ಭ ಅಣುಸ್ಫೋಟ ನಡೆಸಿತು. ಆಗ ಅಣುಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದದ ಮಾತುಕತೆ ನಡೆದಿತ್ತು. ಭೂಮಿಯೊಳಗಿನ ಸ್ಫೋಟವನ್ನು ದೂರದಿಂದ ಪತ್ತೆಹಚ್ಚಲಾಗದು, ಹೀಗಾಗಿ ರಷ್ಯಾದೊಡನೆ ಇಂತಹ ಒಪ್ಪಂದವನ್ನು ನಂಬಲಾಗದು ಎಂಬುದು ವಿರೋಧಿಗಳ ವಾದ. ಅದಕ್ಕೆ ಒತ್ತಾಸೆಯಾಗುವಂತೆ, ಸ್ಫೋಟದ ಕಂಪನ ಇನ್ನೂರು ಮೈಲಿಗಳಾಚೆ ದಾಖಲಾಗಲಿಲ್ಲವೆಂದು ಪರಮಾಣು ಶಕ್ತಿ ಆಯೋಗ 1958ರಲ್ಲಿ ಸಾರಿತು. ದೂರದ ದೇಶಗಳಲ್ಲೂ ಕಂಪನ ದಾಖಲಾಗಿದೆಯೆಂಬ ಪುಟ್ಟ ಸುದ್ದಿಗಳನ್ನು ಸ್ಟೋನ್ ಪತ್ರಿಕೆಯಲ್ಲಿ ಓದಿ ಎತ್ತಿಟ್ಟುಕೊಂಡಿದ್ದರು. ಅವರು ನೇರವಾಗಿ ಸರ್ಕಾರದ್ದೇ ಭೂಮಾಪನ ಇಲಾಖೆಯ ಭೂಕಂಪ ತಜ್ಞರ ಬಳಿಗೆ ಹೋಗಿ ವಿಚಾರಿಸಿದರು. ಎರಡು ಸಾವಿರ ಮೈಲಿಗೂ ಹೆಚ್ಚು ದೂರದ ಅಲಾಸ್ಕಾದ ಕೇಂದ್ರದಲ್ಲೂ ಕಂಪನ ದಾಖಲಾಗಿತ್ತು! ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಆದರೂ 1963ರ ಮಾಸ್ಕೋ ಒಪ್ಪಂದ ಭೂಗರ್ಭ ಪರೀಕ್ಷೆಗಳನ್ನು ನಿಷೇಧದ ಹೊರಗೇ ಉಳಿಸಿತು.

1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಉತ್ತರ ವಿಯೆಟ್ನಾಂ ಎರಡು ಬಾರಿ ಅಕಾರಣವಾಗಿ ದಾಳಿಮಾಡಿತೆಂದು ಅಮೆರಿಕ ಸರ್ಕಾರ ಘೋಷಿಸಿತು. ಅಧ್ಯಕ್ಷ ಜಾನ್ಸನ್‌ಗೆ ಯುದ್ಧಾಧಿಕಾರ ನೀಡುವ ನಿರ್ಣಯ ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2 ಮತಗಳಿಂದ ಅಂಗೀಕೃತವಾಯಿತು. ವಿರೋಧಿಸಿದ ಇಬ್ಬರು ಸೆನೆಟರುಗಳು ಮೋರ್ಸ್ ಮತ್ತು ಗ್ರೂನಿಂಗ್. ದಾಳಿಗೆ ಮೊದಲೇ ದಕ್ಷಿಣ ವಿಯೆಟ್ನಾಮಿನ ದೋಣಿಗಳು ಉತ್ತರದ ದ್ವೀಪಗಳ ಮೇಲೆ ಎರಗಿದ್ದವೆಂಬ ಮೋರ್ಸ್ ಅವರ ಮಾತನ್ನು ದೊಡ್ಡ ಪತ್ರಿಕೆಗಳು ಕಡೆಗಣಿಸಿದಾಗ ಸ್ಟೋನ್ ಅದನ್ನು ಓದುಗರಿಗೆ ತಲಪಿಸಿದರು. ಆಗಸ್ಟ್ 4ರ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದನ್ನು ಸರ್ಕಾರದ್ದೇ ಗುಪ್ತಚರ ಸಂಸ್ಥೆಯೊಂದರ ಅಧ್ಯಯನ ಒಪ್ಪಿಕೊಂಡಿತು. ಅದು ಸಾರ್ವಜನಿಕರಿಗೆ ದೊರೆತದ್ದು 2005ರಲ್ಲಿ!

1965ರ ಫೆಬ್ರವರಿಯಲ್ಲಿ ಹೊರಬಂದ ಶ್ವೇತಪತ್ರ, ದಕ್ಷಿಣದ ದಂಗೆಗೆ ಉತ್ತರವೇ ಕಾರಣ, ಶಸ್ತ್ರಗಳೂ ಅಲ್ಲಿಂದಲೇ ಬರುತ್ತಿವೆ ಎಂದಿತು. ಸ್ಟೋನ್ ಅದರ ಅನುಬಂಧವನ್ನು ತೆರೆದು ಎಣಿಸತೊಡಗಿದರು. ಕಮ್ಯುನಿಸ್ಟ್ ದೇಶಗಳಿಂದ ಬಂದವೆಂದು ಅಲ್ಲಿ ಪಟ್ಟಿಮಾಡಿದ್ದ ಆಯುಧಗಳು ಕೇವಲ 179. ರಕ್ಷಣಾ ಇಲಾಖೆಯ ಲೆಕ್ಕದಂತೆ ಮೂರು ವರ್ಷಗಳಲ್ಲಿ ಗೆರಿಲ್ಲಾಗಳಿಂದ ವಶಪಡಿಸಿಕೊಂಡವು 15,100. ಈ ಉತ್ತರ ಮಾರ್ಚ್ 8ರ ಸಂಚಿಕೆಯಲ್ಲಿ ಪ್ರಕಟವಾಯಿತು. ಅದೇ ದಿನ ಅಮೆರಿಕದ ನೌಕಾಯೋಧರು ದನಾಂಗ್ ಕಡಲತೀರದಲ್ಲಿ ಇಳಿದರು. ಮುಂದೆ ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು; ವಿಯೆಟ್ನಾಮಿನವರು ಲಕ್ಷಾಂತರ.

ಸ್ಟೋನ್ ತಪ್ಪೇ ಮಾಡದವರೆಂದು ನಾವು ಹೇಳುವುದಿಲ್ಲ. 1952ರ ತಮ್ಮ ಕೊರಿಯಾ ಯುದ್ಧದ ಪುಸ್ತಕದಲ್ಲಿ ಅವರ ಸಂಶಯವೆಲ್ಲ ದಕ್ಷಿಣ ಕೊರಿಯಾ ಮತ್ತು ಅಮೆರಿಕದತ್ತಲೇ ವಾಲಿತ್ತು. 1990ರ ದಶಕದಲ್ಲಿ ಸೋವಿಯತ್ ಕಡತಗಳು ತೆರೆದಾಗ, ಸ್ಟಾಲಿನ್ ಸಮ್ಮತಿ ಪಡೆದು ಉತ್ತರ ಕೊರಿಯಾವೇ ದಾಳಿಮಾಡಿದ್ದು ಸ್ಪಷ್ಟವಾಯಿತು. ತಮ್ಮ ಸರ್ಕಾರವನ್ನು ಅಳೆದ ಸೇರಿನಲ್ಲೇ ಎದುರಾಳಿಯನ್ನೂ ಅಳೆಯದಿದ್ದರೆ ಸಂಶಯವೂ ಒಂದು ಬಗೆಯ ಕುರುಡುನಂಬಿಕೆಯಾಗುತ್ತದೆ. ಆ ಪಾಠವನ್ನು ಅವರು ಕಲಿತರೆಂದೇ ತೋರುತ್ತದೆ. 1956ರಲ್ಲಿ ಸೋವಿಯತ್ ದೇಶವನ್ನು ಕಂಡುಬಂದು ಅಲ್ಲಿನ ಆಡಳಿತವನ್ನು ನಿಷ್ಠುರವಾಗಿ ಟೀಕಿಸಿದರು. ಅದರಿಂದ ಚಂದಾದಾರರನ್ನೂ ಕಳೆದುಕೊಂಡರು.

1971ರ ಡಿಸೆಂಬರಿನಲ್ಲಿ ಪತ್ರಿಕೆಯನ್ನು ನಿಲ್ಲಿಸಿದಾಗ ಪ್ರಸಾರ ಸುಮಾರು 70,000ಕ್ಕೆ ಏರಿತ್ತು. ಇಳಿವಯಸ್ಸಿನಲ್ಲಿ ಪ್ರಾಚೀನ ಗ್ರೀಕ್ ಭಾಷೆ ಕಲಿತು, ಸಾಕ್ರಟೀಸನ ವಿಚಾರಣೆಯನ್ನು ಕುರಿತು 1988ರಲ್ಲಿ ಗ್ರಂಥ ಪ್ರಕಟಿಸಿದರು. 1989ರ ಜೂನ್ 18ರಂದು ನಿಧನರಾದರು.

ಸ್ಟೋನ್ ಬಳಿ ರಹಸ್ಯ ದೂತರಿರಲಿಲ್ಲ, ಸಚಿವರ ಸ್ನೇಹವಿರಲಿಲ್ಲ. ಅವರು ಓದಿದ್ದು ಯಾರಿಗಾದರೂ ದೊರೆಯಬಹುದಾಗಿದ್ದ ಕಾಗದಗಳನ್ನೇ. ಇಂದು ಅಂಥ ಕಾಗದಗಳು ನಮ್ಮ ಮನೆಯ ಗಣಕಯಂತ್ರದಲ್ಲೇ ಸಿಗುತ್ತವೆ. ಮುಂದಿನ ಯುದ್ಧದ ಘೋಷಣೆಯೋ ಶಾಂತಿ ಒಪ್ಪಂದದ ಸಂಭ್ರಮವೋ ಮುಖಪುಟದಲ್ಲಿ ಕಂಡಾಗ, ಅದರ ಅನುಬಂಧವನ್ನೂ ತೆರೆದು ನೋಡುವ ತಾಳ್ಮೆ ನಮಗಿರಲಿ.